ಕೇಡಿಲ್ಲದ ಗಂಟು

ಜನವರಿ ೧೧

ಅಪ್ಪಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರಕ್ಕೆ ತಡಮಾಡಿದೆ. ಮುನಿಸಿಕೊಳ್ಳಬೇಡ. ಕಿವಿ ಕೇಳದವನ ಜೊತೆ ಫೋನಿನಲ್ಲಿ ಮಾತಾಡುವಂತಿಲ್ಲ. ಎರಡು ಸಾಲು ಮೆಸೇಜ್ ಕಳಿಸೋಣವೆಂದರೆ, ಕುರ್ಚಿಗಳಿಗೆ ಬೆತ್ತ ಹೆಣೆದು ದಪ್ಪವಾದ ನಿನ್ನ ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಈ ಬಡಾವಣೆಯಲ್ಲಿ ಇನ್ನೂ ಅಂಚೆಚೀಟಿ ಕೊಳ್ಳುವವಳು ನಾನೊಬ್ಬಳೇ ಇರಬೇಕು. ಕೌಂಟರಿನ ಹೆಂಗಸು ನನ್ನನ್ನು ಕಂಡ ಕೂಡಲೇ ನಗುತ್ತಾ ಡ್ರಾಯರ್ ಎಳೆಯುತ್ತಾಳೆ.

ಇಲ್ಲಿ ಎಲ್ಲರೂ ಸುಖ. ಇವರಿಗೆ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೈತುಂಬ ಕೆಲಸ. ನಿನ್ನ ಮೊಮ್ಮಗಳು ಮೆಣಸಿಗೆ ಮುಂದಿನ ಹಲ್ಲು ಬಿದ್ದಿದೆ. ಹೆಸರಿಗೆ ತಕ್ಕ ಖಾರ ಮಾತ್ರ ಕಡಿಮೆಯಾಗಿಲ್ಲ.

ನನ್ನದೊಂದು ಸಣ್ಣ ತೊಂದರೆ. ಬಲಗಾಲಿನ ಅಂಗಾಲು ಉರಿಯುತ್ತದೆ. ಪಾಳಿ ಮುಗಿಸಿ ಬಸ್ಸಿನಿಂದ ಇಳಿದರೆ ಬಿಸಿ ಮರಳಿನ ಮೇಲೆ ಕಾಲಿಟ್ಟ ಹಾಗೆ. ಮಲಗಿದಾಗ ಹೊದಿಕೆ ತಾಗಿದರೂ ತಡೆಯಲಾಗದು. ಕಣಕಾಲಿನ ಒಳಮಗ್ಗುಲಲ್ಲಿ, ಮೂಳೆಯ ಕೆಳಗೆ, ಅಪ್ಪಿತಪ್ಪಿ ಏನಾದರೂ ತಗುಲಿತೋ, ಕರೆಂಟು ಹೊಡೆದಂತೆ ಹೆಬ್ಬೆರಳಿನವರೆಗೂ ಝುಮ್ಮೆನ್ನುತ್ತದೆ. ಡಿಪೋದ ಡಾಕ್ಟರು, "ಇದು ಹಿಮ್ಮಡಿ ನೋವು ಕಣಮ್ಮ, ದಿನಾ ಪೆಡಲ್ ಒತ್ತೋರಿಗೆಲ್ಲ ಬರತ್ತೆ" ಎಂದು ಬೂಟಿನೊಳಗೆ ಹಾಕಲು ಮೆತ್ತನೆಯ ಅಟ್ಟೆ ಕೊಟ್ಟರು. ಮೊದಲು ಬಿಸಿ ಮರಳು, ಈಗ ಮೆತ್ತನೆಯ ಬಿಸಿ ಮರಳು. ಅಷ್ಟೇ ವ್ಯತ್ಯಾಸ.

ನೀನು ಕತ್ತಲಲ್ಲಿ ಹಿತ್ತಲಿಗೆ ಹೋಗಬೇಡ. ಮತ್ತೆ ಬಿದ್ದೆಯಂತೆ. ಕಳೆದ ಕಾಗದದ ಅಂಚಿನಲ್ಲಿ ಅತ್ತೆ ಸಣ್ಣಗೆ ಬರೆದು ಚಾಡಿ ಹೇಳಿದ್ದಾರೆ.

ನಿನ್ನ
ಮಗಳು


ಜನವರಿ ೨೩

ಚಿನ್ನಾ,

ನಿನ್ನ ಕಾಗದವನ್ನು ನಿನ್ನ ಅತ್ತೆ ನನಗಿಂತ ಮೊದಲೇ ಒಡೆದು ಓದಿ, ಆಮೇಲೆ ನನ್ನೆದುರು ನಿಂತು ಜೋರಾಗಿ ಓದಿದಳು. ನನಗೆ ಕೇಳಿಸುವುದಿಲ್ಲ ಎನ್ನುವುದು ನನ್ನ ತಂಗಿಗೆ ಇಷ್ಟು ವರ್ಷವಾದರೂ ಪೂರ್ತಿ ನಂಬಿಕೆಯಾಗಿಲ್ಲ. ನಿನ್ನ ಅಮ್ಮ ಹೋದ ಮೇಲೆ ಈ ಮನೆಗೆ ಬಂದ ರೇಡಿಯೋ ಅವಳು. ಪಾಪ, ಕೇಳುಗನಿಗೆ ಕಿವಿಯೇ ಇಲ್ಲ.

ಕಾಲನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಡಬೇಕಂತೆ. ಅವಳ ಅಪ್ಪಣೆ. ನನ್ನ ಮಾತು ಬೇರೆ. ದೊಡ್ಡ ಆಸ್ಪತ್ರೆಗೆ ತೋರಿಸು. ಕರೆಂಟು ಹೊಡೆದ ಹಾಗೆ ಆಗುವುದು ಹಿಮ್ಮಡಿಯ ನೋವಲ್ಲ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಬೆತ್ತ ಹೆಣೆಯುವ ನನಗೆ ಹಿಮ್ಮಡಿಯ ನೋವು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬಸ್ಸು ಬಿಡು ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಚಿಕ್ಕವಳಿದ್ದಾಗ ಸ್ಟೂಲಿನ ಮೇಲೆ ಕೂತು, ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿಕೊಂಡು, ಇಡೀ ಬೀದಿಯನ್ನು ಓಡಿಸಿಕೊಂಡು ಹೋಗುತ್ತಿದ್ದೆ. ಬಾಯಲ್ಲಿ ಹಾರ್ನ್ ಮಾಡುತ್ತಿದ್ದೆಯಂತೆ. ಅಷ್ಟು ಹೊತ್ತಿಗೆ ನನ್ನ ಎರಡೂ ಕಿವಿ ಹೋಗಿದ್ದವು. ಕೆನ್ನೆ ಉಬ್ಬುವುದನ್ನಷ್ಟೇ ಕಂಡವನು ನಾನು.

ಹಿತ್ತಲಲ್ಲಿ ಬಿದ್ದದ್ದು ನಿಜ. ಕತ್ತಲಾದರೆ ನನಗೆ ನೆಲ ಎಲ್ಲಿದೆ ಎಂದು ಅಂದಾಜು ಸಿಗುವುದಿಲ್ಲ. ಪೆಟ್ಟೇನೂ ಆಗಿಲ್ಲ, ಬಕೆಟ್ಟಿಗೆ ಆಗಿದೆ.

ಇಂತಿ
ಅಪ್ಪ


ಮಾರ್ಚ್ ೬

ಅಪ್ಪಾ,

ಇದನ್ನು ಕೂತು ನಿಧಾನವಾಗಿ ಓದು. ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಮಾರುಕಟ್ಟೆಯ ನಿಲ್ದಾಣಕ್ಕೆ ಬಸ್ಸು ತರುತ್ತಿದ್ದೆ. ಜನ ರಸ್ತೆಯ ಅಂಚಿಗೇ ಬಂದು ನಿಂತಿದ್ದರು. ಬ್ರೇಕಿನ ಮೇಲೆ ಕಾಲಿಟ್ಟೆ. ಇಟ್ಟೆ ಎಂದುಕೊಂಡೆ. ಬಸ್ಸು ನಿಲ್ಲಲಿಲ್ಲ. ಬಗ್ಗಿ ನೋಡಿದರೆ ನನ್ನ ಬೂಟು ಪೆಡಲಿನ ಪಕ್ಕದಲ್ಲಿ, ಬರೀ ನೆಲವನ್ನು ಒತ್ತುತ್ತಿತ್ತು. ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ಕೈಬ್ರೇಕ್ ಎಳೆದೆ. ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಹೊರಗೆ ನಿಂತಿದ್ದ ಒಬ್ಬ ಮುದುಕಿ ಚೀಲವನ್ನು ಎದೆಗೆ ಅವುಚಿಕೊಂಡು ಕಿಟಕಿಯ ಗಾಜಿನಾಚೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಜೊತೆಗಿರುವ ಕಂಡಕ್ಟರನ್ನು ನಾವೆಲ್ಲ ಸೀಟಿ ಮಾವ ಅನ್ನುತ್ತೇವೆ. ಅವರು ಮುಂದೆ ಬಂದು ಮೆಲ್ಲಗೆ ಕೇಳಿದರು, "ಏನಾಯ್ತಮ್ಮಾ?"

"ಕಾಲು ಗೊತ್ತಾಗ್ಲಿಲ್ಲ ಮಾವ."

"ಬ್ರೇಕ್ ಹಿಡೀಲಿಲ್ಲ ಅಂತ ಬರ್ಸು. ಹಳೇ ಗಾಡಿ, ಯಾರೂ ಕೇಳಲ್ಲ."

ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಆ ಗಾಡಿಯ ಬ್ರೇಕ್ ನೋಡಿಕೊಳ್ಳುವವರು ವರ್ಕ್‌ಶಾಪಿನಲ್ಲಿ ನಮ್ಮ ಇವರೇ ಅಲ್ಲವೇ ಅಪ್ಪಾ? ಅದು ಬಿಡು, ನಾಳೆ ಆ ಮುದುಕಿ ಮತ್ತೆ ಅಲ್ಲೇ ನಿಂತಿರುತ್ತಾಳೆ. ಸಂಜೆ ನಾನೇ ಮ್ಯಾನೇಜರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಸ್ಸಿನ ಕೀ ಮೇಜಿನ ಮೇಲಿಟ್ಟೆ. ಇಡುವಾಗ ಸದ್ದಾಗಬಾರದೆಂದು ಏಕೋ ಅನಿಸಿತು.

ನೀನು ಹೇಳಿದ ಹಾಗೆ ದೊಡ್ಡ ಆಸ್ಪತ್ರೆಗೆ ಹೋದೆ. ನರದ ಡಾಕ್ಟರಿಗೆ ವಯಸ್ಸಾಗಿದೆ, ಕೈ ತಣ್ಣಗಿದೆ. ಕಣಕಾಲಿನ ಒಳಗಡೆ ಬೆರಳ ತುದಿಯಿಂದ ಟಕ್ ಎಂದು ಹೊಡೆದರು. ನಾನು ಮಂಚದಿಂದ ಎದ್ದು ಕೂತುಬಿಟ್ಟೆ. "ಇನ್ನೊಂದ್ಸಲ ಹೊಡೀಲಾ?" ಎಂದರು. "ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. ನಕ್ಕು ಸ್ಕ್ಯಾನಿಗೆ ಬರೆದರು.

ಸ್ಕ್ಯಾನಿನಲ್ಲಿ ಕಂಡಿತು. ಪಾದಕ್ಕೆ ಹೋಗುವ ನರದ ಮೇಲೆ ಗಂಟುಗಳಿವೆ, ದಾರದಲ್ಲಿ ಮಣಿ ಪೋಣಿಸಿದ ಹಾಗೆ. ಕಣಕಾಲಿನ ಒಳಗೊಂದು ಇಕ್ಕಟ್ಟಾದ ದಾರಿಯಿದೆಯಂತೆ. ನರ, ರಕ್ತನಾಳ, ಬೆರಳನ್ನು ಎಳೆಯುವ ಹುರಿಗಳು ಎಲ್ಲ ಅದರೊಳಗಿಂದಲೇ ಪಾದಕ್ಕೆ ಇಳಿಯಬೇಕು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಬಾಗಿಲ ಹತ್ತಿರ ನಿಂತವರ ಸ್ಥಿತಿ. ಅಲ್ಲಿ ಗಂಟೂ ಹತ್ತಿಕೊಂಡರೆ ನರ ನಜ್ಜಾಗದೆ ಏನಾಗುತ್ತದೆ? ಮೊದಲು ಉರಿ, ಆಮೇಲೆ ಮರವು.

ಕ್ಯಾನ್ಸರ್ ಅಲ್ಲ ಅಪ್ಪಾ. "ಕೇಡಿಲ್ಲದ ಗಂಟು, ಹೆದರ್ಬೇಡಿ" ಎಂದರು ಡಾಕ್ಟರು. ತೆಗೆಯಬೇಕು.

ನಿನ್ನ
ಮಗಳು


ಮಾರ್ಚ್ ೧೯

ಚಿನ್ನಾ,

ಕ್ಯಾನ್ಸರ್ ಅಲ್ಲ ಎನ್ನುವ ಸಾಲನ್ನು ನಿನ್ನ ಅತ್ತೆಗೆ ಬೆರಳಿಟ್ಟು ತೋರಿಸಿದೆ. ಅವಳು ಅಲ್ಲೇ ಕೂತು ಅತ್ತಳು. ಆಮೇಲೆ ಪಕ್ಕದ ಮನೆಗೆ, ಅದರಾಚೆಯ ಮನೆಗೆ, ಕುರ್ಚಿ ಕೊಡಲು ಬಂದ ಗಿರಾಕಿಗೆ, ಎಲ್ಲರಿಗೂ ಹೇಳಿ ಬಂದಳು.

ಕೀ ಇಟ್ಟು ಬಂದದ್ದು ಸರಿಯಾಯಿತು. ಇಷ್ಟನ್ನು ಬರೆಯಲು ನನಗೆ ಎರಡು ಹಾಳೆ ಹಾಳಾಯಿತು. ಮೊದಲು ಬರೆದದ್ದರಲ್ಲೆಲ್ಲ ನಿನಗೆ ಸಮಾಧಾನ ಹೇಳಲು ಹೋಗಿ ಏನೇನೋ ಆಗಿತ್ತು.

ಗಿರಣಿಯಲ್ಲಿ ನಾನು ಮಗ್ಗ ನೋಡಿಕೊಳ್ಳುತ್ತಿದ್ದಾಗ ನೂಲಿನಲ್ಲಿ ಗಂಟು ಬಂದರೆ ಮಗ್ಗ ನಿಲ್ಲಿಸಿ ಬಿಡಿಸುತ್ತಿದ್ದೆ. ಅವಸರ ಮಾಡಿದರೆ ಎಳೆಯೇ ಹರಿಯುತ್ತಿತ್ತು. ನಿನ್ನ ಡಾಕ್ಟರಿಗೆ ಅವಸರವಿಲ್ಲದಿರಲಿ.

ಆಪರೇಷನ್ ಆದ ಕೂಡಲೇ ಅಳಿಯಂದಿರಿಗೆ ಒಂದು ಸಾಲು ಬರೆಯಲು ಹೇಳು.

ಇಂತಿ
ಅಪ್ಪ


ಏಪ್ರಿಲ್ ೨೮

ಅಪ್ಪಾ,

ಇವರು ಬರೆದ ಸಾಲು ತಲುಪಿರಬೇಕು. "ಆಪರೇಷನ್ ಆಯಿತು, ಚೆನ್ನಾಗಿದ್ದಾಳೆ, ಹಸಿವು ಅನ್ನುತ್ತಿದ್ದಾಳೆ." ಅವರ ಮಟ್ಟಿಗೆ ಅದು ಮಹಾಕಾವ್ಯ.

ಉರಿ ಹೋಯಿತು. ಎಷ್ಟು ತಿಂಗಳ ಉರಿ, ಎಚ್ಚರವಾದ ಕೂಡಲೇ ಅದು ಇಲ್ಲವೆಂದು ತಿಳಿಯಿತು. ಆ ಖುಷಿಯಲ್ಲಿ ಮೊದಲ ದಿನ ಬೇರೇನೂ ಹೊಳೆಯಲಿಲ್ಲ.

ಎರಡು ಗಂಟು ಸಿಪ್ಪೆಯಿಂದ ಕಾಳು ಬಿಡಿಸಿದ ಹಾಗೆ ಈಚೆ ಬಂದವಂತೆ. ಮೂರನೆಯದು ನರದ ಎಳೆಗಳೊಳಗೇ ಹೆಣೆದುಕೊಂಡಿತ್ತು. "ಎಷ್ಟು ಆಗತ್ತೋ ಅಷ್ಟು ಉಳಿಸಿದೀನಮ್ಮ" ಎಂದರು ಡಾಕ್ಟರು. ಅವರು ಅವಸರ ಮಾಡಲಿಲ್ಲ ಅಪ್ಪಾ, ಬಹಳ ಹೊತ್ತು ಒಳಗಿದ್ದರಂತೆ. ಆದರೂ ಅರ್ಧ ಅಂಗಾಲು ಈಗ ನನ್ನದಲ್ಲ. ಮೊನ್ನೆ ಅಂಗಡಿಯಿಂದ ಬರುವಾಗ ಚಪ್ಪಲಿ ಕಳಚಿಬಿದ್ದದ್ದೇ ತಿಳಿಯದೆ ಬರಿಗಾಲಲ್ಲಿ ನಡೆಯುತ್ತಿದ್ದೆ. ಮೆಣಸು ಹಿಂದಿನಿಂದ ಅದನ್ನು ಎತ್ತಿಕೊಂಡು ಓಡಿಬಂದು, "ಅಮ್ಮಾ, ನಿನ್ ಕಾಲು ಬಿಟ್ಟು ಬಂದಿದೀಯ" ಎಂದಳು.

ಇನ್ನು ಬಸ್ಸು ಇಲ್ಲ. ಮ್ಯಾನೇಜರು ಒಳ್ಳೆಯವರು, ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಕೊಟ್ಟಿದ್ದಾರೆ. ಗಾಜಿನ ಹಿಂದೆ ಕೂತು ಯಾವ ಬಸ್ಸು ಎಷ್ಟಕ್ಕೆ ಎಂದು ಹೇಳಬೇಕು. ನನ್ನ ಬಸ್ಸನ್ನು ಈಗ ಒಬ್ಬ ಹೊಸಬ ಓಡಿಸುತ್ತಿದ್ದಾನೆ. ತಿರುವಿನಲ್ಲಿ ಗೇರ್ ಬದಲಾಯಿಸಲು ತಡಮಾಡುತ್ತಾನೆ. ಕೂತಲ್ಲಿಯೇ ನನ್ನ ಕೈ ಅಲುಗುತ್ತದೆ.

ಒಂದು ಮಾತು. ಡಾಕ್ಟರು ಸುಮ್ಮನೆ ಎಲ್ಲರನ್ನೂ ಕೇಳುತ್ತಾರಂತೆ, ಮನೆಯಲ್ಲಿ ಯಾರಿಗಾದರೂ ಇಂಥ ಗಂಟು ಇದೆಯೇ, ಯಾರಿಗಾದರೂ ಕಿವಿ ಹೋಗಿದೆಯೇ ಎಂದು. ನಿನ್ನ ಕಿವಿ ಗಿರಣಿಯ ಸದ್ದಿಗೆ ಹೋದದ್ದು ಎಂದೆ. ಹೇಗೆ ಶುರುವಾಯಿತು, ಎರಡೂ ಒಟ್ಟಿಗೇ ಹೋದವೇ, ಬರೆದು ತರಲು ಹೇಳಿದರು. ಪುರುಸೊತ್ತಾದಾಗ ಬರೆ. ಅವಸರವಿಲ್ಲ.

ನಿನ್ನ
ಮಗಳು


ಮೇ ೯

ಚಿನ್ನಾ,

ನನ್ನ ಕಿವಿಯ ಪುರಾಣವನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದೀಯ, ಅನುಭವಿಸು.

ಎಡಗಿವಿ ಮೊದಲು. ಆಗ ನೀನಿನ್ನೂ ಹುಟ್ಟಿರಲಿಲ್ಲ. ಒಳಗೆ ಯಾರೋ ಕುಕ್ಕರ್ ಇಟ್ಟು ಮರೆತುಹೋದ ಹಾಗೆ ಒಂದೇ ಸಮನೆ ಸಿಳ್ಳು. ಗಿರಣಿಯಲ್ಲಿ ಎಲ್ಲರಿಗೂ ಸ್ವಲ್ಪ ಸಿಳ್ಳು ಇದ್ದದ್ದೇ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಆ ಕಡೆಯಿಂದ ಕರೆದರೆ ತಿಳಿಯದಾಯಿತು. ನಿನ್ನ ಅಮ್ಮ ಯಾವಾಗಲೂ ನನ್ನ ಬಲಗಡೆ ನಡೆಯುತ್ತಿದ್ದಳು. ನೀನು ಶಾಲೆಗೆ ಹೋಗುವ ಹೊತ್ತಿಗೆ ಬಲಗಿವಿಗೂ ಅದೇ ಸಿಳ್ಳು ಬಂತು. ಎರಡನೇ ತರಗತಿಯಲ್ಲಿ ನೀನು ಮಗ್ಗಿ ಒಪ್ಪಿಸುತ್ತಿದ್ದೆಯಲ್ಲ, ಆ ದನಿಯೇ ನನಗೆ ನಿನ್ನ ಕೊನೆಯ ದನಿ. ಈಗ ಬಸ್ಸು ಓಡಿಸಿದ ಹೆಂಗಸು ನೀನು. ನನ್ನ ತಲೆಯೊಳಗೆ ಮಾತ್ರ ಇವತ್ತಿಗೂ ಹಾಗೆಯೇ ಮೂಗಿನಲ್ಲಿ ಮಾತಾಡುತ್ತೀಯ.

ಗಿರಣಿಯ ಡಾಕ್ಟರು ಸದ್ದಿನಿಂದ ಎಂದರು. ಜೊತೆಯವರಿಗೆ ಹೀಗೆ ಪೂರ್ತಿ ಹೋಗಲಿಲ್ಲವಲ್ಲ ಎಂದು ನಿನ್ನ ಅಮ್ಮ ಕೇಳಿದಳಂತೆ. "ಒಬ್ಬೊಬ್ಬರ ಕಿವಿ ಒಂದೊಂದು ಥರ" ಎಂದರಂತೆ. ನಡೆಯುವಾಗ ವಾಲುವುದೂ ಆಗಲೇ ಶುರು. ಕುಡಿದಿದ್ದೇನೆ ಎಂದು ಬೀದಿಯಲ್ಲಿ ಹೆಸರಾಯಿತು. ಕುಡಿಯದೆಯೇ ಹೆಸರು ಪಡೆದೆ.

ಗಂಟು ಎಂದೆಯಲ್ಲ, ನನ್ನ ಮೊಣಕೈ ಹತ್ತಿರ ಒಂದಿದೆ. ಒತ್ತಿದರೆ ಕಿರುಬೆರಳವರೆಗೆ ಝುಮ್ಮೆನ್ನುತ್ತದೆ. ನಿನ್ನ ಡಾಕ್ಟರಿಗೆ ಇಷ್ಟು ಸಾಕೇ? ಇನ್ನೂ ಬೇಕಿದ್ದರೆ ಹೇಳು, ನನಗೆ ಹುರುಪು ಬಂದಿದೆ.

ಅಂಗಾಲಿಗೆ ದಿನಾ ಕೈಯಾಡಿಸಿ ನೋಡಿಕೋ. ಮುಳ್ಳು ಚುಚ್ಚಿದರೂ ತಿಳಿಯಲಿಕ್ಕಿಲ್ಲ.

ಇಂತಿ
ಅಪ್ಪ


ಜೂನ್ ೨೦

ಅಪ್ಪಾ,

ನಿನ್ನ ಕಾಗದ ತಲುಪಿತು.

ಕಿಟಕಿಯ ಕೆಲಸ ರೂಢಿಯಾಗುತ್ತಿದೆ. ಗಾಜಿನ ಆಚೆಯಿಂದ ಜನ ಕೇಳಿದ್ದು ಒಂದೊಂದು ಸಲ ಸರಿಯಾಗಿ ಕೇಳಿಸುವುದಿಲ್ಲ, ಅಷ್ಟು ಗಲಾಟೆ. ಸೀಟಿ ಮಾವ ಟ್ರಿಪ್ಪಿನ ನಡುವೆ ಬಂದು ಚಹಾ ಕೊಟ್ಟು ಹೋಗುತ್ತಾರೆ. ಕಾಲು ಹಾಗೆಯೇ ಇದೆ. ಚಪ್ಪಲಿಗೆ ಹಿಂದಿನಿಂದ ಪಟ್ಟಿ ಹೊಲಿಸಿಕೊಂಡಿದ್ದೇನೆ.

ಮೆಣಸಿಗೆ ಹೊಸ ಹಲ್ಲು ಬರುತ್ತಿದೆ. ಈಗೀಗ ದಿನವಿಡೀ ಹಾಡುತ್ತಾಳೆ. ಮೊದಲಾದರೆ ಸಾಕು ನಿಲ್ಲಿಸು ಎಂದು ಗದರುತ್ತಿದ್ದೆ.

ಅಪ್ಪಾ, ಅಮ್ಮನ ದನಿ ನಿನಗೆ ಇನ್ನೂ ನೆನಪಿದೆಯೇ?

ನಿನ್ನ
ಮಗಳು


ಜುಲೈ ೧೮

ಚಿರಂಜೀವಿ ಮಗಳಿಗೆ ಅತ್ತೆಯ ಆಶೀರ್ವಾದಗಳು.

ಇದು ನಾನು ಬರೆಯುತ್ತಿರುವುದು ಅಣ್ಣನಿಗೆ ಗೊತ್ತಿಲ್ಲ. ನನಗೆ ಅವನ ಹಾಗೆ ಚೆಂದವಾಗಿ ಬರೆಯಲು ಬಾರದು, ಬಾಯಲ್ಲಾದರೆ ನಿನಗೆ ಗೊತ್ತೇ ಇದೆ.

ನಿನ್ನ ಹೋದ ಕಾಗದವನ್ನು ಅವನು ಎಷ್ಟು ಸಲ ಓದಿದನೋ. ಕೆಲಸದ ನಡುವೆ ಎದ್ದು ಹೋಗಿ ಓದುತ್ತಾನೆ, ಬಂದು ಕೂರುತ್ತಾನೆ, ಮತ್ತೆ ಹೋಗುತ್ತಾನೆ. ಕೊನೆಗೆ, "ನನ್ನ ಕಿವಿ ಕತೆ ಬೇಕು ಅಂತ ಕೇಳಿದ್ಲು. ಅಷ್ಟುದ್ದ ಬರ್ದೆ. ಅದರ ಬಗ್ಗೆ ಒಂದಕ್ಷರ ಬರ್ದಿಲ್ಲ ನೋಡು" ಎಂದ. "ಪುರುಸೊತ್ತಿರಲ್ಲ ಬಿಡೋ" ಎಂದೆ. "ಪುರುಸೊತ್ತಿಲ್ಲದೋಳು ಅವರಮ್ಮನ ದನಿ ಕೇಳ್ತಾಳಾ?" ಎಂದ.

ಒಂದು ದಿನ ಬೆಳಿಗ್ಗೆ ಎದ್ದವನೇ ಒಗೆದ ಅಂಗಿ ಹಾಕಿಕೊಂಡು, ನಿನ್ನ ಕಾಗದಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಜಿಲ್ಲಾ ಆಸ್ಪತ್ರೆಗೆ ಹೊರಟ. ಒಬ್ಬನೇ ಹೋಗುತ್ತೇನೆಂದ. ವಾಲಿಕೊಂಡು ಹೋಗುವವನನ್ನು ಬಿಡಲಾಗುತ್ತದೆಯೇ, ನಾನೂ ಹಿಂದೆಯೇ ಹೋದೆ. ಡಾಕ್ಟರು ಎಳೇ ವಯಸ್ಸಿನ ಹುಡುಗಿ, ಬಹಳ ತಾಳ್ಮೆಯವಳು. ಅವನಿಗೆ ಎಲ್ಲವನ್ನೂ ಹಾಳೆಯ ಮೇಲೆ ಬರೆದು ಬರೆದು ಕೇಳಿದಳು. ತಲೆಯ ಸ್ಕ್ಯಾನ್ ಆಯಿತು. ಎರಡೂ ಕಿವಿಯ ನರದ ಮೇಲೆ ಗಂಟಿದೆಯಂತೆ. ಇಷ್ಟು ವರ್ಷದಿಂದ ನಿಧಾನಕ್ಕೆ ಬೆಳೆದದ್ದು. ಅವನ ಜೀವಕ್ಕೆ ಸದ್ಯಕ್ಕೆ ಅಪಾಯವಿಲ್ಲ, ವರ್ಷ ವರ್ಷ ನೋಡಿಸಬೇಕು ಎಂದಳು. ಅವನು ಅದನ್ನು ಓದಲೂ ಇಲ್ಲ. ಪೆನ್ನು ಕಿತ್ತುಕೊಂಡು ಅದೇ ಹಾಳೆಯ ಮೇಲೆ, "ನನ್ನ ಮಗಳ ಕಾಲಿನ ಗಂಟೂ ಇದೇನಾ?" ಎಂದು ಬರೆದ. ಆ ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ "ಇರಬಹುದು, ಅವರೂ ತಲೆಯ ಸ್ಕ್ಯಾನ್ ಮಾಡಿಸಲಿ" ಎಂದು ಬರೆದಳು. ಅಣ್ಣ, "ಅವಳು ಮಾಡಿಸಿದ್ದಾಳೆ" ಎಂದು ಬರೆದು ಎದ್ದುಬಿಟ್ಟ.

ಮಾಡಿಸಿದ್ದೀಯಾ ಮಗಾ?

ಮನೆಗೆ ಬಂದಾಗಿನಿಂದ ಬೆತ್ತ ಮುಟ್ಟಿಲ್ಲ. ನೆನೆಸಿಟ್ಟ ಬೆತ್ತ ಬಾನಿಯಲ್ಲೇ ಕೊಳೆಯುತ್ತಿದೆ. "ನಾನು ಅವಳಿಗೆ ಬೇರೇನೂ ಕೊಡ್ಲಿಲ್ಲ, ಇದನ್ನ ಕೊಟ್ಟೆ" ಎನ್ನುತ್ತಾನೆ. ನಾನು ಬೈದು ನೋಡಿದೆ. ಕಣ್ಣು ಮುಚ್ಚಿಕೊಂಡುಬಿಟ್ಟರೆ ಅವನಿಗೆ ಬೈಗುಳವೂ ಮುಟ್ಟುವುದಿಲ್ಲ.

ನಿನಗೆ ಕೈಮುಗಿಯುತ್ತೇನೆ, ನಿಜ ಬರೆ. ಅವನಿಗೆ ಬರೆ, ನನಗಲ್ಲ.

ನಿನ್ನ
ಅತ್ತೆ


ಜುಲೈ ೨೭

ಅಪ್ಪಾ,

ಹೌದು. ಎರಡೂ ಕಡೆ ಇವೆ. ಸಣ್ಣವು.

ಮೇ ತಿಂಗಳಲ್ಲಿ, ನಿನ್ನ ಕಾಗದ ಬರುವ ಮೊದಲೇ ಸ್ಕ್ಯಾನ್ ಆಗಿತ್ತು. ನೀನು ಅಷ್ಟು ಹುರುಪಿನಿಂದ ಬರೆದ ಹಾಳೆಗಳನ್ನು ಡಾಕ್ಟರು ಎರಡು ಸಲ ಓದಿ, ಮಡಚಿ, ನನ್ನ ಕೈಗೆ ವಾಪಸು ಕೊಟ್ಟರು. "ನಿಮ್ಮ ತಂದೆ ಚೆನ್ನಾಗಿ ಬರೀತಾರೆ" ಎಂದರು. ಅವರಿಗೂ ಬೇರೆ ಮಾತು ಸಿಕ್ಕಲಿಲ್ಲ ಎಂದು ಕಾಣುತ್ತದೆ.

ಕಾಲಿನ ಗಂಟು, ಕಿವಿಯ ಗಂಟು, ನಿನ್ನ ಮೊಣಕೈಯದು, ಎಲ್ಲ ಒಂದೇ ಬಳ್ಳಿಯವು. ಗಿರಣಿಯ ಸದ್ದು ಸುಮ್ಮನೆ ಕೆಟ್ಟ ಹೆಸರು ಹೊತ್ತಿತು. ಕಾಲು ನೋಯದಿದ್ದರೆ ಇದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಎಡಗಿವಿ ಈಗಲೇ ಸ್ವಲ್ಪ ಮಂದ. ಫೋನನ್ನು ಯಾವಾಗಿನಿಂದ ಬಲಗಡೆ ಹಿಡಿಯತೊಡಗಿದೆ ಎಂದು ನನಗೇ ನೆನಪಿಲ್ಲ. ಆರು ತಿಂಗಳಿಗೊಮ್ಮೆ ನೋಡೋಣ, ಬೆಳೆದರೆ ಏನು ಮಾಡುವುದೆಂದು ಆಗ ಯೋಚಿಸೋಣ ಎಂದಿದ್ದಾರೆ. ಪೂರ್ತಿ ಹೋಗುತ್ತದೆಯೇ ಎಂದು ಕೇಳಿದೆ. "ಹೋಗಬಹುದು" ಎಂದರು. ಯಾವಾಗ ಎಂದು ಕೇಳಿದೆ. ಸುಳ್ಳು ಹೇಳದ ಮನುಷ್ಯ, "ಗೊತ್ತಿಲ್ಲಮ್ಮ" ಎಂದರು.

ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಈಗ ಮಾಡುತ್ತಿರುವುದನ್ನೇ ಮಾಡುತ್ತೀಯ ಎಂದು ಗೊತ್ತಿತ್ತು. ಬೆತ್ತ ಕೊಳೆಯಲು ಬಿಟ್ಟಿದ್ದೀಯಂತೆ.

ನಿನ್ನಿಂದ ನನಗೆ ಬಂದದ್ದು ಬೇಕಾದಷ್ಟಿದೆ ಅಪ್ಪಾ. ಈ ಚಪ್ಪಟೆ ಮೂಗು. ಈ ಹಟ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆಂದು ಇವರು ದೂರುತ್ತಾರೆ, ಅದು ಕೂಡ. ಅದಕ್ಕೆಲ್ಲ ನೀನು ಯಾವತ್ತಾದರೂ ಕ್ಷಮೆ ಕೇಳಿದ್ದೀಯಾ? ಇದಕ್ಕೂ ಕೇಳಬೇಡ. ನೀನು ಕೇಳಿದರೆ ನಾನು ಮೆಣಸಿನ ಎದುರು ಹೇಗೆ ನಿಲ್ಲಲಿ?

ಅವಳಿಗೂ ಬಂದಿರಬಹುದು, ಬಂದಿಲ್ಲದಿರಬಹುದು. ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಇನ್ನೂ ಮಾಡಿಸಿಲ್ಲ. ಇವರು "ತಿಳ್ಕೊಂಡು ಏನ್ಮಾಡೋದು?" ಎನ್ನುತ್ತಾರೆ. ನಾನು "ತಿಳ್ಕೊಳ್ದೆ ಏನ್ಮಾಡೋದು?" ಎನ್ನುತ್ತೇನೆ. ಮಾರನೆಯ ದಿನ ಅವರ ಮಾತು ನನ್ನ ಬಾಯಲ್ಲಿ, ನನ್ನದು ಅವರ ಬಾಯಲ್ಲಿ.

ನನಗೆ ಹೆದರಿಕೆಯಾಗುತ್ತದೆ. ಇದನ್ನು ಇಲ್ಲಿ ಯಾರ ಹತ್ತಿರವೂ ಹೇಳಿಲ್ಲ. ಹೇಳಿದರೆ ತಿಳಿಯುವವನು ನೀನೊಬ್ಬನೇ.

ನಿನ್ನ
ಮಗಳು


ಆಗಸ್ಟ್ ೮

ಚಿನ್ನಾ,

ಬೆತ್ತವನ್ನು ಬಾನಿಯಿಂದ ತೆಗೆದು ಒಣಹಾಕಿದೆ. ಅರ್ಧ ಉಳಿಯಿತು.

ಕ್ಷಮೆ ಕೇಳುವುದಿಲ್ಲ. ನೀನು ಬೇಡವೆಂದದ್ದನ್ನು ಮಾಡುವುದಿಲ್ಲ.

ಅಮ್ಮನ ದನಿ ನೆನಪಿದೆಯೇ ಎಂದು ನೀನು ಕೇಳಿದ್ದೆ. ನಿಜ ಬರೆಯುತ್ತೇನೆ, ನೆನಪಿಲ್ಲ. ಅವಳು ಆಡಿದ ಮಾತುಗಳೆಲ್ಲ ನೆನಪಿವೆ, ಎಲ್ಲಿ ನಿಂತು ಆಡಿದಳು ಎನ್ನುವುದೂ ನೆನಪಿದೆ. ದನಿ ಮಾತ್ರ ಯಾವಾಗಲೋ ಹೋಗಿಬಿಟ್ಟಿತು. ಹೋದ ದಿನ ಗೊತ್ತಾಗಲಿಲ್ಲ. ನೀನು ಮೆಣಸಿಗೆ ಹಾಡು ನಿಲ್ಲಿಸು ಎಂದು ಗದರದೆ ಇರುವುದು ಸರಿಯಾಗಿದೆ.

ಕಿವಿ ಹೋದ ಮೊದಲ ವರ್ಷಗಳಲ್ಲಿ ನಾನು ಮನುಷ್ಯನಾಗಿರಲಿಲ್ಲ. ಊಟಕ್ಕೆ ಕೂತಾಗ ನೀನು, ನಿನ್ನ ಅಮ್ಮ ಏನೋ ಮಾತಾಡಿಕೊಂಡು ನಗುತ್ತಿದ್ದಿರಿ. ನನ್ನನ್ನೇ ನೋಡಿ ನಗುತ್ತಿದ್ದೀರೆಂದು ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದೆ. ತುಟಿ ನೋಡಿ ಮಾತು ಹಿಡಿಯಲು ಕಲಿತದ್ದು ಬಹಳ ತಡವಾಗಿ, ಅದೂ ನಿನ್ನ ಅಮ್ಮನ ಹಟದಿಂದ. ಕಿವಿ ಇರುವಾಗಲೇ ಕಲಿತಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಯಾವ ಮಾತಿಗೆ ಬಾಯಿ ಹೇಗೆ ಹೋಗುತ್ತದೆ ಎಂದು ಕೇಳಿಸಿಕೊಂಡೇ ತಾಳೆ ನೋಡಬಹುದಿತ್ತು.

ಆದ್ದರಿಂದ ನಾನು ಬರುತ್ತಿದ್ದೇನೆ. ಬೇಡ ಎಂದು ಬರೆಯುವಷ್ಟರಲ್ಲಿ ಹೊರಟಿರುತ್ತೇನೆ. ಬೆತ್ತದ ಸುರುಳಿಯನ್ನೂ ತರುತ್ತೇನೆ, ಕೂತು ತಿನ್ನುವುದಿಲ್ಲ. ನಿನ್ನ ಅತ್ತೆ ಅಂಗಡಿ ನೋಡಿಕೊಳ್ಳುತ್ತಾಳೆ. ಮಾತಾಡಲು ಗಿರಾಕಿಗಳು ಸಿಗುತ್ತಾರೆಂದು ಅವಳಿಗೆ ಸಂತೋಷವೇ.

ಇಂತಿ
ಅಪ್ಪ


ಅಕ್ಟೋಬರ್ ೧೫

ತಂಗೀ,

ಕ್ಷೇಮವಾಗಿದ್ದೇವೆ. ಇಲ್ಲಿ ಮನೆಯ ಮುಂದೆ ಕೂತು ಕೆಲಸ ಮಾಡಲು ಅಳಿಯಂದಿರು ಜಾಗ ಮಾಡಿಕೊಟ್ಟಿದ್ದಾರೆ. ಡಿಪೋದ ಮುರುಕು ಕುರ್ಚಿಗಳೆಲ್ಲ ಒಂದೊಂದಾಗಿ ನನ್ನ ಮುಂದೆ ಬರುತ್ತಿವೆ.

ದಿನಾ ಸಂಜೆ ಪಾಠ. ಮಗಳು ಕಿವಿಗೆ ಹತ್ತಿ ತುರುಕಿಕೊಂಡು ಎದುರು ಕೂರುತ್ತಾಳೆ, ನಾನು ಮಾತಾಡುತ್ತೇನೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಎನ್ನುವುದು ಅವಳಿಗೆ ಇನ್ನೂ ಸಿಟ್ಟು ತರಿಸುತ್ತದೆ. ಮೊದಲ ವಾರ "ಮಾತು ಸಾಕು" ಎಂದದ್ದಕ್ಕೆ, "ಬಾತು ಸಾಕೋದಾ? ಈ ಮನೇಲಿ ಜಾಗ ಎಲ್ಲಿದೆ?" ಎಂದಳು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆಮೇಲೆ ಹತ್ತಿ ತೆಗೆದು ಕೈಯಲ್ಲಿ ಉಂಡೆ ಮಾಡಿದಳು. "ನಾಳೆ ನೋಡೋಣ ಅಪ್ಪಾ" ಎಂದಳು.

ನಡಿಗೆಯಲ್ಲಿ ಬಲಗಾಲನ್ನು ಈಗ ನೋಡಿ ನೋಡಿ ಇಡುತ್ತಾಳೆ. ಮೊನ್ನೆ ಅವಳ ಜೊತೆ ನಿಲ್ದಾಣಕ್ಕೆ ಹೋಗಿದ್ದೆ. ಅವಳ ಹಳೆಯ ಬಸ್ಸು ಬಂದು ನಿಂತಿತು. ಹೊಸ ಡ್ರೈವರ್ ಇಳಿದು ಚಹಾಕ್ಕೆ ಹೋದ. ಅವಳು ಗಾಜಿನ ಹಿಂದಿನಿಂದ ಎದ್ದುಬಂದು, ಬಸ್ಸಿನ ಮುಂದಿನ ದೀಪದ ಧೂಳನ್ನು ಸೆರಗಿನಿಂದ ಒರೆಸಿ ಮತ್ತೆ ಹೋಗಿ ಕೂತಳು. ನಾನು ನೋಡಲಿಲ್ಲವೆಂದು ತಿಳಿದಿದ್ದಾಳೆ.

ಮಗುವಿನ ಪರೀಕ್ಷೆಯ ಮಾತನ್ನು ನಾನು ಎತ್ತಿಲ್ಲ. ಅವರು ಗಂಡ ಹೆಂಡತಿ ಎತ್ತಿದಾಗ ಎದ್ದು ಹೊರಗೆ ಬರುತ್ತೇನೆ. ಅವರ ತುಟಿ ಕಾಣದ ಹಾಗೆ ಬೆನ್ನು ಮಾಡಿ ಕೂರುತ್ತೇನೆ.

ನಿನಗೆ ಹೇಳಬೇಕೆಂದು ಈ ಕಾಗದ ಶುರುಮಾಡಿದ್ದು ಬೇರೆ. ನಮ್ಮ ಪಾಠವನ್ನು ಎಲ್ಲರಿಗಿಂತ ಬೇಗ ಕಲಿತವಳು ಮೆಣಸು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಪಕ್ಕದಲ್ಲಿ ಕೂತು ಆಟವೆಂದು ನೋಡಿದಳು, ಅಷ್ಟೆ. ಈಗ ರಸ್ತೆಯಾಚೆ ನಿಂತು ಮಾತಾಡುವವರ ಮಾತನ್ನೂ ಹಿಡಿದು ತಂದು ಹೇಳುತ್ತಾಳೆ. ಅವಳು ಹಾಗೆ ಹಿಡಿದಾಗಲೆಲ್ಲ ಅಳಿಯಂದಿರು "ಭೇಷ್" ಎನ್ನುತ್ತಾರೆ, ಆಮೇಲೆ ಬೇರೆ ಕಡೆ ನೋಡುತ್ತಾರೆ.

ನಿನ್ನೆ ಸಂಜೆ ನಾನು ನಡುಮನೆಯಲ್ಲಿ ಒಂದು ಕುರ್ಚಿಯ ಅಂಚು ಕಟ್ಟುತ್ತಿದ್ದೆ. ಮೆಣಸು ನನ್ನೆದುರು ನೆಲದ ಮೇಲೆ ಕೂತು ಬೆತ್ತದ ತುಂಡುಗಳನ್ನು ಜೋಡಿಸುತ್ತಿದ್ದಳು. ಇದ್ದಕ್ಕಿದ್ದಂತೆ, ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದ ಅವಳ ಅಮ್ಮನ ಕಡೆ ತಿರುಗಿ ನೋಡಿದಳು. ಆಮೇಲೆ ನನ್ನ ಮೊಣಕಾಲು ತಟ್ಟಿ ಮುಖ ಮೇಲೆತ್ತಿದಳು. ದನಿ ಮಾಡಲಿಲ್ಲ. ಗಂಟಲು ಅಲುಗದಿದ್ದರೆ ನನಗೆ ತಿಳಿಯುತ್ತದೆ. ಬರೀ ತುಟಿ.

"ಅಜ್ಜಾ, ಅಮ್ಮ ಅಳ್ತಿದಾಳೆ. ನೀನು ಹೋಗ್ಬೇಡ. ನಮಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ."

ನನ್ನ ಕೈಯಲ್ಲಿದ್ದ ಬೆತ್ತ ಅಲ್ಲೇ ನಿಂತಿತು. ಏಳಬೇಕೆನಿಸಿತು, ಏಳಲಿಲ್ಲ. ನಾನೂ ಅವಳ ಹಾಗೆಯೇ ಬರೀ ತುಟಿಯಲ್ಲಿ, "ಆಯ್ತು ಕಣೇ, ಅಳಲಿ ಬಿಡು, ನಾವು ಇಲ್ಲೇ ಇರೋಣ" ಎಂದೆ.

ತುಟಿಯಲ್ಲಿ ಎಂದುಕೊಂಡೆ. ನನ್ನ ದನಿ ಹೊರಗೆ ಬಂತೋ ಇಲ್ಲವೋ ನನಗೆ ತಿಳಿಯುವುದು ಹೇಗೆ? ಮೆಣಸು ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ತಲೆಯೆತ್ತಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಗಳು. ಕೈಯಲ್ಲಿ ಸೌಟು, ಮುಖವೆಲ್ಲ ಒದ್ದೆ, ಕಣ್ಣು ನನ್ನ ಮೇಲೆ.

ಅಷ್ಟು ದೂರದಿಂದ, ನನ್ನ ಕಡೆ ಬೆನ್ನು ಮಾಡಿ ನಿಂತಿದ್ದವಳಿಗೆ ಕೇಳಿಸಿತ್ತು.

ಅವಳಿಗೆ ಇನ್ನೂ ಕೇಳಿಸುತ್ತದೆ ಕಣೇ.

ನಿನ್ನ
ಅಣ್ಣ